ಪದವಿನಲ್ಲಿ ಮೂತಿ ಊರಿದ ವಿಮಾನ

ಕಡಲ ಬದಿಯ ಹೊಯ್ಗೆಯಲ್ಲಿ ಒಣಗಿಸಿದ ಮೀನು ಹಲ್ಲಿಗೆ ಕರಕರ ಅನ್ನುತ್ತದೆ. ಪದವಿನ ಮೇಲೆ ಒಣಗಿಸಿದ್ದರಲ್ಲಿ ಒಂದು ಕಣ ಹೊಯ್ಗೆ ಇರುವುದಿಲ್ಲ. ನಾನು ಉಚ್ಚಿಲದ ಮೀನಿನವರ ಮನೆಯಲ್ಲಿ ಹುಟ್ಟಿದವಳು, ನನಗೆ ಅಷ್ಟು ಗೊತ್ತಿತ್ತು. ವಿಮಾನದ ವಿಷಯ ಏನೂ ಗೊತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಾಪುವಿನಿಂದ ಒಳಗೆ ಕಾರ್ಕಳದ ಕಡೆಗೆ ಹೋದರೆ ಮರವಿಲ್ಲದ ಒಂದು ಮುರಕಲ್ಲಿನ ಬಯಲು, ಅದೇ ಪದವು. ಅಲ್ಲಿ ಯಾವುದೋ ಕಂಪನಿಯವರು ಹುಲ್ಲು ಕೆತ್ತಿಸಿ, ನೆಲ ಸಮ ಮಾಡಿಸಿ, ಸಣ್ಣ ವಿಮಾನ ಇಳಿಯಲು ಪಟ್ಟಿ ಮಾಡಿದ್ದರು. ಒಂದೆರಡು ತಿಂಗಳಿಗೊಮ್ಮೆ ಅವರ ಸಾಹೇಬರು ಬಂದಿಳಿದು, ಕಾರು ಹತ್ತಿ ಮಣಿಪಾಲಕ್ಕೆ ಹೋಗಿ, ಸಂಜೆ ಹಾರಿ ಹೋಗುತ್ತಿದ್ದರು. ನನ್ನ ಗಂಡ ಅಲ್ಲಿ ಕಾವಲಿಗಿದ್ದರು. ಪಟ್ಟಿಯ ಬದಿಯಲ್ಲಿ ಕಂಪನಿ ಕೊಟ್ಟ ಒಂದು ಕೋಣೆಯೇ ನಮ್ಮ ಮನೆ. ಕೆಲಸ ಹೋದರೆ ಮನೆಯೂ ಹೋಯಿತು.

ಪಟ್ಟಿಯ ಪಡುವಣ ತುದಿಯಲ್ಲಿ ಮೊದಲು ಕಲ್ಲು ಕಡಿಯುವ ಕೋರೆ ಇತ್ತಂತೆ. ಮಣ್ಣು ತುಂಬಿಸಿ ಮುಚ್ಚಿದ್ದರು. ನೋಡಲು ಗಟ್ಟಿ ನೆಲ, ಒಳಗೆ ಹುಡಿ. ಗಟ್ಟಿ ನೆಲ ಎಲ್ಲಿಂದ ಶುರು ಎಂದು ತೋರಿಸಲು ಸುಣ್ಣ ಬಳಿದ ನಾಲ್ಕು ಕಲ್ಲು ಇಟ್ಟಿದ್ದರು, ಈ ಬದಿಗೆ ಎರಡು, ಆ ಬದಿಗೆ ಎರಡು. ವಿಮಾನ ಅದನ್ನು ದಾಟಿಯೇ ಚಕ್ರ ಊರಬೇಕು. ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ವಿಮಾನ ಇಲ್ಲದ ದಿನಗಳಲ್ಲಿ ನಾನು ಉಚ್ಚಿಲದಿಂದ ಉಪ್ಪು ಹಾಕಿದ ನಂಗು ಮೀನು ತಂದು ಪಟ್ಟಿಯ ಮೇಲೆ ಚಾಪೆಯಲ್ಲಿ ಹರಡುತ್ತಿದ್ದೆ. ಕಾಗೆ ಬಾರದ ಹಾಗೆ ಮೇಲೆ ಹಳೇ ಬಲೆ. ಪದವಿನ ಗಾಳಿಗೆ ಬಲೆ ಹಾರದಿರಲು ಆ ನಾಲ್ಕು ಕಲ್ಲು ಎತ್ತಿ ತರುತ್ತಿದ್ದೆ. ವಿಮಾನ ಬರುತ್ತದೆ ಎಂದು ದಾರಿಬದಿಯ ಅಂಗಡಿಯ ಫೋನಿಗೆ ಸುದ್ದಿ ಬಂದಾಗ ಮೀನು ಬಾಚಿ, ಕಲ್ಲನ್ನು ಮತ್ತೆ ಎರಡೆರಡು ಮಾಡಿ ಇಡುವುದು. ವಿಮಾನದ ದಿನ ಬೆಳಿಗ್ಗೆ ಗಂಡ ಪಟ್ಟಿಯ ಉದ್ದಕ್ಕೂ ನಡೆದು ನೋಡುವಾಗ, ನಾನು ಎಲ್ಲೆಲ್ಲೋ ಇಟ್ಟದ್ದನ್ನು ಸರಿಯಾದ ಜಾಗಕ್ಕೆ ಸರಿಸುತ್ತಿದ್ದರಂತೆ. ನನಗೆ ಒಂದು ಮಾತು ಹೇಳಿದವರಲ್ಲ.

ಆ ಸಲ ಅವರಿಗೆ ಆನೆಕಾಲಿನ ಜ್ವರ. ಮಲಗಿದಲ್ಲಿಂದಲೇ ಕೇಳಿದರು, "ಪಟ್ಟಿ ನೋಡಿದ್ಯಾ? ಕಲ್ಲು ಸರಿ ಉಂಟಾ?"

"ಉಂಟು ಮಾರಾಯ್ರೆ. ಹೊಸ ಸುಣ್ಣವೂ ಬಳಿದಿದ್ದೇನೆ. ನಿಮ್ಮ ಸಾಹೇಬರ ಕಣ್ಣು ಕುಕ್ಬೇಕು."

ಆ ಸಲ ಚಾಪೆ ಹಾಸಿದ್ದು ಕಲ್ಲಿನ ಸರಿಯಾದ ಜಾಗದಿಂದ ಐವತ್ತು ಹೆಜ್ಜೆ ಪಡುವಣಕ್ಕೆ, ಮುಚ್ಚಿದ ಕೋರೆಯ ಮೇಲೆ. ಕಲ್ಲು ಇಟ್ಟದ್ದೂ ಅಲ್ಲಿಯೇ.

ವಿಮಾನ ಕಡಲ ಕಡೆಯಿಂದ ಬಂತು. ಕಲ್ಲು ದಾಟಿದ ಕೂಡಲೇ ಚಕ್ರ ಊರಿತು, ಹುಡಿಯಲ್ಲಿ ಹೂತಿತು, ಮೂತಿ ನೆಲಕ್ಕೆ ಕುತ್ತಿ ಬಾಲ ಮೇಲೆ ನಿಂತಿತು. ಸಾಹೇಬರ ಕೈ ಮುರಿಯಿತು. ಪೈಲಟರ ಬಾಯಿತುಂಬ ರಕ್ತ, ಎರಡು ಹಲ್ಲು ಹೋಗಿತ್ತು. ಆ ಸ್ಥಿತಿಯಲ್ಲೂ ಅವರು ಬೂಟಿನಲ್ಲಿ ಮಣ್ಣು ಕೆದಕಿದರು, ಕಲ್ಲು ನೋಡಿದರು, ನನ್ನನ್ನು ನೋಡಿದರು. ನಾನು ಒಳಗೆ ಹೋದೆ.

ಇಬ್ಬರನ್ನೂ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ ಮೇಲೆ, ಸಂಜೆ ಗಂಡ ಜ್ವರದಲ್ಲೇ ಕಾಲೆಳೆದುಕೊಂಡು ಹೋಗಿ ನಾಲ್ಕೂ ಕಲ್ಲನ್ನು ಸರಿಯಾದ ಜಾಗಕ್ಕೆ ಹೊತ್ತು ಹಾಕಿದರು.

"ಕಲ್ಲು ಇದ್ದಲ್ಲೇ ಇತ್ತು. ನಾನು ಬೆಳಿಗ್ಗೆ ನಡೆದು ನೋಡಿದ್ದೇನೆ. ಹಾಗೆ ಹೇಳುವುದು. ನೀನು ಬಾಯಿ ಹಾಕ್ಬೇಡ."

"ಆ ಪೈಲಟ್ ಕಣ್ಣಾರೆ ನೋಡಿದ್ದಾರಲ್ಲ?"

"ಅವನಿಗೆ ಬೇರೆ ಕೆಲಸ ಸಿಕ್ತದೆ. ನಮಗೆ ಬೇರೆ ಮನೆ ಸಿಕ್ತದಾ?"

ವಿಚಾರಣೆಗೆ ಕಂಪನಿಯ ಆಫೀಸರು ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ನಾನು ಕೂತಲ್ಲಿ ಕೂರಲಿಲ್ಲ. ಗುಡಿಸಿದ ಅಂಗಳವನ್ನೇ ಗುಡಿಸಿದೆ. ತುಂಬಿದ ಹಂಡೆಗೆ ನೀರು ಸೇದಿದೆ. ಬೇಡದಿದ್ದರೂ ಬೆಂಕಿಪೆಟ್ಟಿಗೆಗೆ ಅಂಗಡಿಗೆ ಹೋದೆ. ಅಂಗಡಿ ಇಟ್ಟಿದ್ದ ಬ್ಯಾರಿಗಳು ತಮಾಷೆ ಮಾಡಿದರು, "ಎಂತ ಅಕ್ಕ, ವಿಮಾನಕ್ಕೆ ನಿಮ್ಮ ಒಣಮೀನಿನ ವಾಸನೆ ತಲೆಗೆ ಹತ್ತಿತಾ?" ಬೇರೆ ದಿನವಾದರೆ ನಾನೂ ಎರಡು ಮಾತು ಬಿಡುತ್ತಿದ್ದೆ. ಅವತ್ತು ಬೆಂಕಿಪೆಟ್ಟಿಗೆಯನ್ನೂ ಅಲ್ಲಿಯೇ ಬಿಟ್ಟು ಬಂದೆ. ಮನೆಗೆ ಬಂದರೆ ಮತ್ತೆ ಪಟ್ಟಿಗೆ ಹೋಗಿ ಆ ವಿಮಾನ ನೋಡಬೇಕು ಅನ್ನಿಸುವುದು. ನೋಡಿದರೆ ಓಡಿ ಬರಬೇಕು ಅನ್ನಿಸುವುದು.

ನಾಲ್ಕನೇ ದಿನ ಆಫೀಸರು ಬಂದರು, ಜೊತೆಗೆ ತುಟಿ ಊದಿದ ಪೈಲಟ್. ಗಂಡ ಕೈಕಟ್ಟಿ ನಿಂತು ಕಲಿತ ಪಾಠದ ಹಾಗೆ ಹೇಳಿದರು. ಆಫೀಸರು ಘಟ್ಟದ ಮೇಲಿನವರು. ಪೈಲಟ್ ಕಡೆ ತಿರುಗಿ, "ಕಲ್ಲು ಇಲ್ಲೇ ಇದೆಯಲ್ರೀ! ನಿಮ್ಮ ಕಣ್ಣು ಎಲ್ಲಿತ್ತು?" ಅಂದರು. ಪೈಲಟ್ ಇಂಗ್ಲಿಷಿನಲ್ಲಿ ಏನೋ ಹೇಳಲು ಹೋದರು, ಹಲ್ಲಿಲ್ಲದೆ ಮಾತು ಸೋರಿ ಹೋಯಿತು. ಆಫೀಸರು ನಕ್ಕು ಬರೆಯತೊಡಗಿದರು.

ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ.

"ಅವರ ಕಣ್ಣು ಸರಿ ಉಂಟು. ಕಲ್ಲು ಆಚೆ ಇಟ್ಟದ್ದು ನಾನು. ಸಂಜೆ ಇವರು ಈಚೆ ತಂದದ್ದು."

"ನೀನ್ಯಾಕಮ್ಮ ಕಲ್ಲು ತೆಗೆದೆ?"

"ಮೀನು ಒಣಗಿಸ್ಲಿಕ್ಕೆ. ಗಾಳಿಗೆ ಬಲೆ ಹಾರ್ತದಲ್ಲ?"

ಆಫೀಸರು ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಬರೆದರು, ನನ್ನಿಂದ ಸಹಿ ಹಾಕಿಸಿದರು. ಎರಡನೇ ಕ್ಲಾಸಿನವರೆಗೆ ಓದಿದ್ದೇನೆ, ಹೆಸರು ಬರೆಯಲು ಬರುತ್ತದೆ. ಹೋಗುವಾಗ ಗಂಡನಿಗೆ, "ಬರೀ ತಪ್ಪಾಗಿದ್ದರೆ ಬಿಡ್ತಿದ್ದೆ. ಕಲ್ಲು ಸರಿಸಿ ಸುಳ್ಳು ಹೇಳಿದ್ದಕ್ಕೆ ಬಿಡೋಕಾಗಲ್ಲ. ಎಂಟು ದಿನದಲ್ಲಿ ಕೋಣೆ ಖಾಲಿ ಮಾಡು" ಅಂದರು. ಪೈಲಟ್ ನನಗೆ ಒಳ್ಳೆಯ ಮಾತು ಆಡಲಿಲ್ಲ. ಯಾಕೆ ಆಡಬೇಕು? ಅವರ ಹಲ್ಲು ಹೋದದ್ದು ನನ್ನಿಂದ.

ಕಾರು ಹೋದ ಮೇಲೆ ಗಂಡ ಹೇಳಿದರು, "ನಿನ್ನ ಬಾಯಿಗೆ ಮಣ್ಣು ಹಾಕ."

"ನೀವು ಮೊದಲೇ ಬಾಯಿ ಬಿಟ್ಟಿದ್ರೆ ನಾನು ಕಲ್ಲು ಮುಟ್ತಿರ್ಲಿಲ್ಲ" ಅಂದೆ.

ಅವರು ಗೋಡೆಗೆ ಮುಖ ಮಾಡಿ ಮಲಗಿದರು. ನನಗೆ ಆಗ ಹಸಿವಾಯಿತು. ಎರಡು ಬಟ್ಟಲು ಗಂಜಿ ಉಂಡು, ಪಾತ್ರೆ ತೊಳೆದು, ಗಂಟು ಕಟ್ಟಲು ಕೂತೆ.