ಡಂಗುರದ ಮೇಡಂ ಮರೆತ ಊರು

ಬೀಗ ತಯಾರಿಸುವ ಕಂಪನಿಯ ಪ್ರಚಾರ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಲೆಕ್ಕದ ವಿಭಾಗದವರು ಬೆನ್ನ ಹಿಂದೆ ಅವರನ್ನು ‘ಡಂಗುರದ ಮೇಡಂ’ ಎನ್ನುತ್ತಿದ್ದರು. ಹಣಕಾಸಿನ ಮುಖ್ಯಸ್ಥರಿಗೆ ‘ಕತ್ತರಿ ಸಾಹೇಬರು’ ಎಂದು ಹೆಸರಿಟ್ಟವರು ಈ ಮೇಡಮ್ಮೇ ಆದ್ದರಿಂದ ಅಲ್ಲಿಗಲ್ಲಿಗೆ ಸರಿಹೋಗಿತ್ತು.

ಅವರು ಬರೆಸಿದ ಬೀಗದ ಹಾಡನ್ನು ರೇಡಿಯೋದಲ್ಲಿ ಕೇಳಿ ಮಕ್ಕಳು ಬಚ್ಚಲಲ್ಲೂ ಗುನುಗುತ್ತಿದ್ದವು. ಹದಿನೆಂಟು ವರ್ಷ ಇದೇ ಕೆಲಸದಲ್ಲಿ ಬೀಗುತ್ತ ಕಳೆದಿದ್ದರು. ಆದರೆ ಹೂಡಿಕೆದಾರರ ಸಭೆ ಬಂತೆಂದರೆ ಕತ್ತರಿ ಸಾಹೇಬರು ಎದ್ದು, “ಪ್ರಚಾರದ ಖರ್ಚು ಇಳಿಸ್ತೀವಿ” ಎನ್ನುವುದು, ಸಭೆ ತಲೆದೂಗುವುದು ವಾಡಿಕೆ. ಈ ಸಲ ಮೇಡಂ ಹಟ ಹಿಡಿದು ತಮಗಾಗಿ ಹತ್ತು ನಿಮಿಷ ಕೇಳಿ ಪಡೆದರು.

ತಾಲೀಮು ನಡೆದದ್ದು ಮನೆಯ ಊಟದ ಮೇಜಿನ ಮುಂದೆ, ಮಾವನವರ ಎದುರು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ತಿರಸ್ಕರಿಸಿ ನಿವೃತ್ತರಾದವರು ಅವರು. ಸೊಸೆ “ನಮ್ಮ ಬ್ರ್ಯಾಂಡು” ಎಂದಾಗ ಆಕಳಿಸಿದರು. “ಜನರೊಂದಿಗೆ ಭಾವನಾತ್ಮಕ ಸಂಬಂಧ” ಎನ್ನುವಾಗ ಗೊರಕೆ ಕೇಳಿಸಿತು.

“ಮಾವ, ಎದ್ದೇಳಿ!”

“ಎದ್ದೇ ಇದೀನಮ್ಮ, ಕಣ್ಣು ಮಾತ್ರ ಮುಚ್ಚಿದ್ದೆ. ಆ ಭಾವನೆ ಗೀವನೆ ಬಿಡು. ನೀನು ಡಂಗುರ ಹೊಡೀದೇ ಇದ್ರೆ ಏನಾಗ್ತಿತ್ತು? ದುಡ್ಡು ಹಾಕೋನಿಗೆ ಅಷ್ಟು ಹೇಳು ಸಾಕು.”

“ಯಾವತ್ತೂ ನಿಲ್ಲಿಸೇ ಇಲ್ವಲ್ಲ, ಹೇಗೆ ಹೇಳ್ಲಿ?”

ಮರುದಿನ ಕಚೇರಿಯಲ್ಲಿ ಅವರು ಹಳೆಯ ಕಾಗದಗಳನ್ನೆಲ್ಲ ಕೆದಕಿದರು. ಹೊಳೆಯಾಚೆಯ ಊರಿನ ರೇಡಿಯೋದವರು ಕಳಿಸಿದ್ದ ಒಪ್ಪಂದದ ಪತ್ರ ಸಹಿಯಾಗದೆ ಅವರದೇ ಡ್ರಾಯರಿನ ತಳದಲ್ಲಿ ಮಲಗಿತ್ತು. ಹದಿನಾಲ್ಕು ತಿಂಗಳಿಂದ ಆ ಊರಲ್ಲಿ ಒಂದು ಜಾಹೀರಾತೂ ಇಲ್ಲ! ಕೂಡಲೇ ಅಲ್ಲಿನ ಮಾರಾಟದ ಲೆಕ್ಕ ತೆಗೆದು ನೋಡಿದರು. ಮೊದಲ ಆರು ತಿಂಗಳು ಏನೂ ಆಗಿರಲಿಲ್ಲ. ಆಮೇಲೆ ಅಂಗಡಿಯವರು ರಿಯಾಯಿತಿ ಕೊಟ್ಟರಷ್ಟೇ ಬೀಗ ಇಡುತ್ತೇವೆ ಎನ್ನತೊಡಗಿದ್ದರು. ಹೊಳೆಯ ಈಚೆಗೆ, ಅಷ್ಟೇ ದೊಡ್ಡ ಊರಲ್ಲಿ, ಪೂರ್ತಿ ಬೆಲೆಗೇ ಮಾರಾಟ ಏರಿತ್ತು.

“ಹೇಳಿದ್ರೆ ಕೆಲಸ ಹೋಗುತ್ತೆ, ಹೇಳದಿದ್ರೆ ಬಜೆಟ್ ಹೋಗುತ್ತೆ ಮಾವ,” ಎಂದರು ಸಂಜೆ ಮನೆಗೆ ಬಂದು.

“ತಪ್ಪು ಒಪ್ಪಿಕೊಂಡೋರನ್ನ ನಾನು ಯಾವಾಗ್ಲೂ ನಂಬ್ತಿದ್ದೆ.”

“ಸಾಲ ಕೊಡ್ತಿದ್ರಾ?”

“ಇಲ್ಲ. ಆದ್ರೆ ನಂಬ್ತಿದ್ದೆ.”

ಸಭೆಯಲ್ಲಿ ಮೇಡಂ ಬ್ರ್ಯಾಂಡಿನ ಸುದ್ದಿಯನ್ನೇ ಎತ್ತಲಿಲ್ಲ. ಗೋಡೆಯ ಮೇಲೆ ಅಂಗಡಿಯವರ ರಿಯಾಯಿತಿಯ ಲೆಕ್ಕವನ್ನೂ ಎರಡು ಊರುಗಳ ಮಾರಾಟದ ಎರಡು ಗೆರೆಗಳನ್ನೂ ತೋರಿಸಿದರು: ಜಾಹೀರಾತು ಇದ್ದ ಊರಿನದು ಏರುವುದು, ಹದಿನಾಲ್ಕು ತಿಂಗಳು ಇಲ್ಲದ ಊರಿನದು ಜಾರುವುದು. ಶಿಕ್ಷಕರ ಪಿಂಚಣಿ ನಿಧಿಯ ಪರವಾಗಿ ಬಂದಿದ್ದ ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡರು.

“ಪ್ರಯೋಗ ಬಹಳ ಚೆನ್ನಾಗಿದೆ. ಯಾರ ಐಡಿಯಾ?”

ಮೇಡಂ ಜಾರುವ ಗೆರೆಯ ಮೇಲೆ ಬೆರಳಿಟ್ಟರು. “ಪ್ರಯೋಗ ಅಲ್ಲಮ್ಮ. ಮರೆತುಬಿಟ್ಟಿದ್ದೆ.”

ಕತ್ತರಿ ಸಾಹೇಬರು ಕುರ್ಚಿಯಿಂದ ಪುಟಿದೆದ್ದರು. “ಹದಿನಾಲ್ಕು ತಿಂಗಳು ಮರೆತ್ರಾ?”

“ಹೌದು ಸಾರ್. ನೀವು ಅದನ್ನ ಉಳಿತಾಯ ಅಂತ ಹಿಂದಿನ ಸಭೇಲಿ ಓದಿದ್ರಿ. ಚಪ್ಪಾಳೆ ಕೂಡ ಬಿತ್ತು.”

ಮೊದಲು ನಕ್ಕವರು ಅಜ್ಜಿ. ಆಮೇಲೆ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. “ಅಂದ್ರೆ ಮೊದಲು ಉಳಿಸಿದ್ದನ್ನ ಆಮೇಲೆ ರಿಯಾಯಿತಿ ಅಂತ ಅಂಗಡಿಯವ್ರಿಗೆ ಕೊಟ್ವಿ. ಇಂಥ ಲೆಕ್ಕಾನ ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?” ಎಂದು ಅಜ್ಜಿ ಕೇಳಿದರು.

ಪ್ರಚಾರದ ಹಣ ಕತ್ತರಿ ಬೀಳದೆ ಮಂಜೂರಾಯಿತು. ಜೊತೆಗೆ ಬೇಜವಾಬ್ದಾರಿಗೆಂದು ಒಂದು ಮೆಮೋ ಕೂಡ ಬಂತು. ಎರಡಕ್ಕೂ ಕತ್ತರಿ ಸಾಹೇಬರದೇ ಸಹಿ.

ವಾರ ಕಳೆದ ಮೇಲೆ ಸಾಹೇಬರು ಮೊದಲ ಬಾರಿಗೆ ಪ್ರಚಾರ ವಿಭಾಗದ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು ಗಂಟಲು ಸರಿಮಾಡಿಕೊಂಡರು.

“ಮೇಡಂ, ಮುಂದಿನ ವರ್ಷ ಬೇಕಂತಲೇ ಒಂದು ಊರು ಮರೆಯೋಣ್ವಾ? ಸಣ್ಣದು ಸಾಕು.”

“ಕೂತ್ಕೊಳ್ಳಿ ಸಾರ್,” ಎಂದು ಮೇಡಂ ನಕ್ಷೆ ಬಿಚ್ಚಿದರು.