ಅಲ್ಲಾಸಾಬ ಚಾಚಾರ ಅಂಗೈ

ಕುಕನೂರಿನಲ್ಲಿ ಕಾರಿನ ತಗಡು, ಎಂಜಿನ್ ಎರಡನ್ನೂ ರಿಪೇರಿ ಮಾಡುವ ಟಿಂಕರ್ ಅಲ್ಲಾಸಾಬ ಚಾಚಾ ಯಾವ ಮಾತಿಗೂ ಇಲ್ಲವೆನ್ನುವವರಲ್ಲ. ತೀರಿಕೊಂಡ ಅಪ್ಪನ ಅಂಬಾಸಿಡರ್ ಕಾರನ್ನು ಅವರಿಗೊಪ್ಪಿಸಿದ ಮೇಲೆ ಪ್ರತಿ ಶನಿವಾರ ಕಾಲೇಜು ಮುಗಿಸಿ ಹೋಗಿ ನಾನು ಉಪದೇಶ ಮಾಡುತ್ತಿದ್ದೆ: ಬಾಗಿಲಿನ ತಗ್ಗು ನಯವಾಗಿ ಎತ್ತಿರಿ, ಬೇರೆ ಎಂಜಿನ್ ಕೂಡಿಸಿದರೂ ಸದ್ದು ಮಾತ್ರ ಅಪ್ಪನ ಕಾರಿನದೇ ಇರಲಿ. ಅವರು ಸುತ್ತಿಗೆ ನಿಲ್ಲಿಸದೆ "ಆತ್ ತಂಗಿ, ಛಲೋ ಆಕ್ಕೈತಿ" ಎನ್ನುತ್ತಿದ್ದರು. "ಬಣ್ಣ ಯಾವ್ದು ಚಾಚಾ?" ಎಂದರೂ ಅದೇ ಉತ್ತರ, "ಯಾವಾಗ ಕೊಡ್ತೀರಿ?" ಎಂದರೂ ಅದೇ. ನನ್ನ ಮಾತಿಗೆ ಇಷ್ಟು ಬೆಲೆ ಕೊಡುವ ಗಂಡಸು ಕೊಪ್ಪಳ ಜಿಲ್ಲೆಯಲ್ಲೇ ಇಲ್ಲವೆಂದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಎಂಜಿನ್ ಶುರುವಾದ ದಿನ "ಸದ್ದು ಹೆಂಗೈತಿ ಚಾಚಾ?" ಎಂದು ಕೇಳಿದೆ. ಚಹಾ ತಂದ ಅವರ ಹೆಂಡತಿ ತಾಜಬೀ ನಕ್ಕರು: "ಯಾರನ್ನ ಕೇಳ್ತೀಯವ್ವಾ? ನಲವತ್ತು ವರ್ಷ ತಗಡಿನ ಪತ್ರಾ ಬಡದು ಅವರ ಕಿವಿ ಹೋಗ್ಯಾವು." ಚಾಚಾ ನನ್ನ ಕೈ ಹಿಡಿದು ಬಾನೆಟ್ ಮೇಲಿಟ್ಟರು. "ನಿಮ್ಮಪ್ಪನ ಗಾಡಿ ಹಿಂಗ ನಡುಗತಿತ್ತು, ತಂಗಿ. ಇಪ್ಪತ್ತು ವರ್ಷ ಕೈಯಿಟ್ಟು ನೋಡೀನಿ. ಈ ಎಂಜಿನ್ನೂ ಹಂಗ ಮಾಡೀನಿ. ಹೌದಲ್ಲ?" ಕಿವಿ ನೆಟ್ಟಗಿದ್ದ ನನಗೆ ಆ ಸದ್ದು ಎಂದೋ ಮರೆತುಹೋಗಿತ್ತು. ತಲೆಯಾಡಿಸಿ, "ಛಲೋ ಆಗೈತಿ ಚಾಚಾ" ಎಂದೆ.