ಕರೆಂಟ್ ಹೋದರೂ ಸ್ಟೂಲಿನಿಂದ ಇಳಿಯದವಳು

ಇಳಕಲ್ ಬಸ್ ನಿಲ್ದಾಣದ ಎದುರು ನನ್ನ ನೂಲಿನ ಅಂಗಡಿ. ೧೯೮೭ರಲ್ಲಿ ಪಕ್ಕದ ಮಳಿಗೆಗೆ ನಜೀರಸಾಬರು ಮುಂಬಯಿಯಿಂದ ವಿಡಿಯೋ ಗೇಮಿನ ಪೆಟ್ಟಿಗೆ ತಂದಿಟ್ಟರು. ಎಂಟಾಣೆ ಹಾಕಿದರೆ ಗಾಜಿನೊಳಗೆ ಪುಟ್ಟ ವಿಮಾನವೊಂದು ಏಳುತ್ತಿತ್ತು. ಅದಕ್ಕೆ ಮೂರು ಜೀವ. ಮೂರೂ ಹೋದರೆ ಆಟ ಮುಗಿಯಿತು. ಹುಡುಗರ ಗದ್ದಲ ದಾಟಿ ನನ್ನ ಗಿರಾಕಿಗಳು ಒಳಗೆ ಬರುವುದೇ ಕಷ್ಟವಾಯಿತು. ಹಾಗಾಗಿ ಆ ಪೆಟ್ಟಿಗೆಯ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ.

ಗುರುಸಿದ್ದವ್ವನಿಗೆ ಆಗ ಏಳು ವರ್ಷ. ಪವರ್‌ಲೂಮ್ ನೇಕಾರ ಚಂದಪ್ಪನ ಮಗಳು. ಓಣಿಯ ನೇಕಾರರಿಗೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಟ್ಟು ಗಳಿಸಿದ ಎಂಟಾಣೆಯನ್ನು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು ಒಂದು ಸಂಜೆ ಬಂದಳು. ಕೈ ಎಟುಕದೆ ಸ್ಟೂಲ್ ಹತ್ತಿ ನಿಂತಳು. ಜನ್ಮದ ಮೊದಲ ಆಟ. ವಿಮಾನ ಎದ್ದಿತಷ್ಟೇ, ಕರೆಂಟ್ ಹೋಯಿತು.

ಕರೆಂಟ್ ಹೋದರೆ ಆಟವೂ ಹೋದಂತೆ, ಇದು ನಜೀರಸಾಬರ ಕಾಯಿದೆ. ಮೀಸೆ ಮೂಡಿದವರೂ ಗೊಣಗುತ್ತ ಇಳಿದು ಹೋಗುತ್ತಿದ್ದರು.

“ಇಳೀ ಬೇ ಗುರುಸಿದ್ದಿ, ಮುಗೀತು ನಿನ್ನ ಆಟ,” ಎಂದು ಹಿಂದೆ ನಿಂತಿದ್ದ ಹುಡುಗ ಜಡೆ ಎಳೆದ.

“ಹ್ಯಾಂಗ ಮುಗೀತಲೇ? ನನ್ನ ಮೂರೂ ಜೀವ ಅದಾವು!”

ನಜೀರಸಾಬರು ನಕ್ಕರು. “ಯವ್ವಾ, ಕರೆಂಟ್ ಏನ್ ನನ್ನ ಮನೀದೇನು? ನಾಳಿಗೆ ಮತ್ತ ಎಂಟಾಣೆ ತಗೊಂಡ್ ಬಾ.”

“ನಮ್ಮಪ್ಪನ ಮಗ್ಗಾನೂ ಕರೆಂಟ್ ಹೋದ್ರ ನಿಲ್ತೈತ್ರಿ ಕಾಕಾ. ಬಂದಮ್ಯಾಲ ನಿಂತಲ್ಲಿಂದನ ನೇಯ್ತಾನ. ಕರೆಂಟ್ ಹೋತಂತ ಅರ್ಧಾ ಸೀರಿ ಕತ್ತರಿಸಿ ಒಗೀತಾನೇನ್ರಿ?”

ನಜೀರಸಾಬರೂ ಹಿಂದೆ ಮಗ್ಗದ ಮುಂದೆ ಕೂತವರೇ. ಅಂಗಡಿ ಕಟ್ಟೆಯ ಮೇಲೆ ಕೂತಿದ್ದ ನನ್ನತ್ತ ನೋಡಿದರು.

“ನನ್ನ ಮಾರಿ ಏನ್ ನೋಡ್ತೀರಿ ಸಾಬ್ರ? ಹುಡುಗಿ ಖರೆ ಹೇಳಾಕತ್ತಾಳ,” ಎಂದೆ. ಇನ್ನೊಬ್ಬರ ಗಂಟಿನಲ್ಲಿ ನ್ಯಾಯ ಹೇಳುವುದು ಭಾಳ ಸುಲಭ.

ಕತ್ತಲಾಯಿತು. ಹುಡುಗರು ಕಾಡಿ ಕಾಡಿ ಸುಸ್ತಾದರು. ಅವಳು ವಿಮಾನ ತಿರುಗಿಸುವ ಹಿಡಿ ಬಿಡಲಿಲ್ಲ, ಸ್ಟೂಲೂ ಬಿಡಲಿಲ್ಲ. ಕೊನೆಗೆ ದೀಪ ಬಂತು. ಮಗ್ಗಕ್ಕಿದ್ದ ನೆನಪು ಆ ಪೆಟ್ಟಿಗೆಗೆಲ್ಲಿ? ಅದು ಎಲ್ಲ ಮರೆತು ಕೂತಿತ್ತು. ನಜೀರಸಾಬರು ತಾವೇ ಬೀಗ ತೆಗೆದು ಹೊಸದಾಗಿ ಮೂರು ಜೀವ ಕೊಟ್ಟರು. ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಆಕೆ ಮೂರನ್ನೂ ಕಳೆದಳು.

“ಇನ್ನೊಂದ್ ಆಡವ್ವಾ, ರೊಕ್ಕಾ ಬ್ಯಾಡ.”

“ಒಲ್ಲೆರಿ ಕಾಕಾ. ನಂದು ಮುಗೀತು.”

ಜಿಗಿದು ಇಳಿದು ಹೋದಳು. ತನ್ನದನ್ನು ಬಿಡದ, ತನ್ನದಲ್ಲದ್ದನ್ನು ಮುಟ್ಟದ ಗಿರಾಕಿಯನ್ನು ನಾನು ಅಂದೇ ಮೊದಲು ಕಂಡದ್ದು. ಅಂಥವಳು ನನ್ನ ಅಂಗಡಿಗೆ ಚೌಕಾಸಿಗೆ ಬರದಿದ್ದರೆ ಸಾಕು ಎಂದುಕೊಂಡೆ.

ಮರುದಿನ ಜಡೆ ಎಳೆದವನ ಆಟದ ನಡುವೆ ಕರೆಂಟ್ ಹೋಯಿತು. ಅವನು ಗೊಣಗುತ್ತ ಇಳಿಯಹೊರಟ. ನಜೀರಸಾಬರು ಭುಜ ಒತ್ತಿ ಕೂರಿಸಿದರು: “ಕುಂದ್ರಲೇ, ಕರೆಂಟ್ ಬರ್ಲಿ.”